ಐಕ್ಯದ ಮೀನು

ನಮ್ಮ ಮನೆಯಲ್ಲಿ ಮೀನು ಇತ್ತು ಎಂದರೆ ಹಾಲ್ಕುರಿಕೆ ಸುತ್ತಮುತ್ತಲಿನ ನಮ್ಮ ನೆಂಟರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಮೆಲ್ಲಗೆ ಅಡುಗೆಮನೆ ಕಡೆ ಕಣ್ಣು ಹಾಯಿಸುತ್ತಾರೆ. ಪಕ್ಕದ ಬೀದಿಯಲ್ಲಿ ಮೊಟ್ಟೆ ಒಡೆದರೂ ಮೂಗು ಮುಚ್ಚಿಕೊಳ್ಳುವ ಮನೆತನ ನಮ್ಮದು. ಅಂಥ ಮನೆಯ ಪಡಸಾಲೆಯಲ್ಲಿ, ಕೊಬ್ಬರಿ ಅಟ್ಟದ ಕೆಳಗೆ, ಗೋಡೆಗೆ ಒತ್ತಿಕೊಂಡು ಈ ಬೇಸಿಗೆಯಿಡೀ ಒಂದು ಗಾಜಿನ ತೊಟ್ಟಿ ಕೂತಿತ್ತು. ಅದನ್ನು ಅಲ್ಲಿ ಕೂರಿಸಿದವಳು ನಾನೇ, ಶಿವರುದ್ರಮ್ಮ. ಕೇಳುವವರು ಎದುರಿಗೆ ಬಂದು ನೆಟ್ಟಗೆ ಕೇಳಲಿ, ಹೇಳುತ್ತೇನೆ. ಹಿಂದೆ ಗುಸುಗುಸು ಅನ್ನುವವರಿಗೆ ನನ್ನ ಹತ್ತಿರ ಉತ್ತರವಿಲ್ಲ.

ಎಲ್ಲ ಶುರುವಾದದ್ದು ಗುಡಿ ಮುಂದಿನ ಕಲ್ಯಾಣಿಯಿಂದ. ಅದರ ತಳದಲ್ಲಿ ಸಕ್ಕರೆಯಷ್ಟು ಸಣ್ಣ ಮರಳು. ಆ ಮರಳಿನಲ್ಲಿ ಬೆರಳುದ್ದದ, ಬಾಯಿಯ ಸುತ್ತ ಮೀಸೆಯಿರುವ ಒಂದು ಜಾತಿ ಮೀನು. ಮೈಯೆಲ್ಲ ಮರಳಿನದೇ ಬಣ್ಣ, ಪಕ್ಕೆಯಲ್ಲಿ ಅಲ್ಲಲ್ಲಿ ಕಂದು ಚುಕ್ಕೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಪೂಜೆಯ ನೀರಿಗೆ ಹೋದಾಗಲೆಲ್ಲ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಸುಮ್ಮನೆ ಮರಳ ಮೇಲೆ ಮಲಗಿರುತ್ತದೆ. ಕೊಡದ ನೆರಳು ಬಿದ್ದರೆ ಸಾಕು, ಮೈಯನ್ನು ಒಂದು ಸಲ ಅಲುಗಿಸುತ್ತದೆ, ಅಷ್ಟೇ, ಇಲ್ಲ. ಓಡಿ ಹೋಗುವುದಲ್ಲ, ಇದ್ದಲ್ಲೇ ಇಲ್ಲವಾಗುವುದು. ಮರಳು ಮೊದಲಿದ್ದ ಹಾಗೇ ಇರುತ್ತದೆ, ಒಂದು ಗೀರು ಕೂಡ ಬಿದ್ದಿರುವುದಿಲ್ಲ. ನನಗೆ ಮೈ ಜುಂ ಎನ್ನುತ್ತಿತ್ತು. "ನೀರಿಗೆ ಹೋದೋಳು ಅಲ್ಲೇ ಮನೆ ಕಟ್ಕಂಡೇನೇ?" ಎಂದು ಅತ್ತೆ ಬೈದರೂ ಮಾರನೆಯ ದಿನ ಮತ್ತೆ ಅಲ್ಲೇ ಕೂತಿರುತ್ತಿದ್ದೆ.

ನಮ್ಮೂರಿನವರು ಅದನ್ನು ಐಕ್ಯದ ಮೀನು ಎನ್ನುತ್ತಾರೆ. ನಮ್ಮ ಜನ ತೀರಿಕೊಂಡವರನ್ನು ಸತ್ತರು ಎನ್ನುವುದಿಲ್ಲ, ಐಕ್ಯರಾದರು ಎನ್ನುತ್ತೇವೆ. ಸುಡುವುದಿಲ್ಲ, ಮಣ್ಣಿಗೆ ಒಪ್ಪಿಸುತ್ತೇವೆ. ಈ ಮೀನು ಬದುಕಿರುವಾಗಲೇ ಮರಳಿಗೆ ಒಪ್ಪಿಸಿಕೊಂಡು ಮತ್ತೆ ಎದ್ದು ಬರುತ್ತದಲ್ಲ, ಅದಕ್ಕೇ ಆ ಹೆಸರು. ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ. ಆ ಹೆಸರೇ ಒಂದು ದಿನ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಯಾರು ಕಂಡಿದ್ದರು!

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಕಲ್ಯಾಣಿಯ ಹೂಳು ತೆಗೆಯಲು ಊರವರು ಹೊರಟರು. ಯಜಮಾನಿಕೆ ನನ್ನ ಗಂಡನ ದೊಡ್ಡಪ್ಪನ ಮಗ ಕಾಡಸಿದ್ದಪ್ಪನವರದು. ನನಗೆ ಭಾವ. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್, ಆಡಿದ ಮಾತಿಗೆ ಎದುರಾಡಿದರೆ ಆಗದ ಮನುಷ್ಯ. ಮೋಟಾರಿಟ್ಟು ನೀರೆಲ್ಲ ಎತ್ತಿಸಿದರು. ಮರಳನ್ನು ಬಾಚಿ ದಡದ ತೆಂಗಿನ ಮರಗಳ ಕೆಳಗೆ ರಾಶಿ ಹಾಕಿಸಿದರು. ಕೊನೆಗೆ ಒಂದು ಮೂಲೆಯಲ್ಲಿ ಬಿಂದಿಗೆ ಮುಳುಗುವಷ್ಟು ನೀರು ಉಳಿಯಿತು. ಅದರಲ್ಲಿ ಒಂದು ಹಿಡಿಯಷ್ಟು ಐಕ್ಯದ ಮೀನು ಬಾಯಿ ಬಿಡುತ್ತಿದ್ದವು.

"ತಳಕ್ಕೆ ಸಿಮೆಂಟ್ ಹಾಕ್ಸಿಬುಡಾಣ. ಪಾಚಿ ಕಟ್ಟಲ್ಲ, ತೊಳಿಯಾಕೂ ಸಲೀಸು," ಎಂದರು ಭಾವ. ದಡದ ಮರಳಿನ ಮೇಲೆ ಆಗಲೇ ಮನೆ ಕಟ್ಟುವವರ ಕಣ್ಣು ಬಿದ್ದಿತ್ತು. ಹೊಳೆ ಮರಳು ಕಣ್ಣಿಗೂ ಸಿಗದ ಕಾಲ ಇದು.

"ಮೀನು ಎಲ್ಲಿಗೋಗ್ಬೇಕು ಬಾವನೋರೇ?" ಎಂದೆ ನಾನು.

"ಕೆರೆಗೆ ಬುಡಾಣ ಕಣಮ್ಮ."

"ಕೆರೆ ಗುತ್ತಿಗೆ ಹಿಡಿದೋರು ಮೊಳದುದ್ದದ ಮೀನು ಬುಟ್ಟವ್ರೆ. ಇವನ್ನ ಒಂದೇ ಗುಟುಕಿಗೆ ನುಂಗ್ತವೆ. ಮರಳಿಲ್ದೆ ಇವು ಬದುಕೋ ಮೀನೇ ಅಲ್ಲ. ಸಿಮೆಂಟ್ ಮೇಲೆ ಎಲ್ಲಿ ಐಕ್ಯ ಆಗ್ತವೆ, ನಿಮ್ಮ ತಲೆ ಮೇಲಾ?"

ಊರ ಗಂಡಸರ ಮುಂದೆ ಹಾಗೆ ಅಂದುಬಿಟ್ಟೆ. ನನ್ನ ಬಾಯಿಯೇ ಅಂಥದು, ಮೊದಲು ಅದು ಹೋಗುತ್ತದೆ, ಹಿಂದೆ ನಾನು ಹೋಗುತ್ತೇನೆ. ನನ್ನ ಗಂಡ ಹಾಲಸ್ವಾಮಿ ಆಕಾಶ ನೋಡುತ್ತಾ ನಿಂತುಬಿಟ್ಟರು. ಭಾವ ಮಾತ್ರ ಕೂಗಾಡಲಿಲ್ಲ. "ಆಯ್ತು. ನೀನೇ ಸಾಕು. ರೋಹಿಣಿ ಮಳೆ ಬರಾ ಹೊತ್ಗೆ ಮೀನು ಬದುಕಿದ್ರೆ ಈ ಮರಳನ್ನ ವಾಪಸ್ ತಳಕ್ಕೇ ಹಾಕ್ಸ್ತೀನಿ. ಒಂದೂ ಉಳೀದಿದ್ರೆ ಸಿಮೆಂಟು. ಆಮೇಲೆ ತುಟಿ ಎರಡು ಮಾಡ್ಬಾರ್ದು," ಎಂದರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಿಂದಿಗೆ ತಂದೆ.

ತಿಪಟೂರಿನಲ್ಲಿ ಅಜ್ಮತ್ ಎಂಬಾತನ ಅಂಗಡಿಯಿದೆ. ಒಂದು ಕಡೆ ಮೊಬೈಲ್ ರಿಪೇರಿ, ಇನ್ನೊಂದು ಕಡೆ ಬಣ್ಣದ ಮೀನು. ಬಾಯಿ ಮುಚ್ಚದ ಮನುಷ್ಯ, ಮೊಬೈಲಿನ ಹೊಟ್ಟೆ ಬಗೆಯುತ್ತಲೇ ಮೀನಿನ ವಿಷಯ ಹೇಳುತ್ತಾನೆ. "ತೊಟ್ಟಿ ಉದ್ದಕ್ಕೆ ಅಗಲಕ್ಕೆ ಇರ್ಲಿ ಅಮ್ಮ, ಎತ್ತರ ಬೇಡ. ನಿಮ್ದು ತಳದ ಮೀನು. ಆಮೇಲೆ ಫಿಲ್ಟರ್ ಇಲ್ದೆ ಆಗಲ್ಲ. ಅವು ಅಲ್ಲೇ ಉಣ್ತವೆ, ಅಲ್ಲೇ ಹೊರಗ್ಹೋಗ್ತವೆ."

ಫಿಲ್ಟರ್ ಎಂದರೆ ನನಗೆ ಗೊತ್ತಿದ್ದದ್ದು ಕಾಫಿಯದು. ಹಾಲು ಸೋಸುವ ಬಟ್ಟೆ, ಎಳ್ಳು ಗಾಳಿಸುವ ಜರಡಿ, ಎಲ್ಲ ಅದೇ ಕುಲ. ಕಸ ಮೇಲೆ ನಿಲ್ಲುತ್ತದೆ, ಒಳ್ಳೆಯದು ಕೆಳಗೆ ಇಳಿಯುತ್ತದೆ. ಮೀನಿನ ತೊಟ್ಟಿಗೂ ಅಂಥದೇ ಏನೋ ಒಂದು ಎಂದುಕೊಂಡೆ.

ಅಜ್ಮತ್ ಮೊದಲು ಕೊಟ್ಟದ್ದು ತಳದಲ್ಲಿ ಹಾಸುವ ಫಿಲ್ಟರ್. ಸಣ್ಣ ಸೀಳುಗಳಿರುವ ಪ್ಲಾಸ್ಟಿಕ್ ತಟ್ಟೆ. ಮೂಲೆಯ ಕೊಳವೆಯೊಳಗಿಂದ ಗಾಳಿಗುಳ್ಳೆ ಮೇಲಕ್ಕೆ ಹೋದಾಗ ನೀರು ತಟ್ಟೆಯ ಮೂಲಕ ಕೆಳಕ್ಕೆ ಇಳಿಯುತ್ತದೆ, ಕೊಳೆಯೆಲ್ಲ ತಟ್ಟೆಯ ಮೇಲೆ ಹಾಸಿದ್ದರಲ್ಲೇ ಉಳಿಯುತ್ತದೆ. ಅವನ ಗಿರಾಕಿಗಳೆಲ್ಲ ಮೇಲೆ ಬಣ್ಣದ ಕಲ್ಲು ಹಾಕುವವರು. ನಾನು ಕಲ್ಯಾಣಿಯ ಮರಳನ್ನು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು, ಆ ತಟ್ಟೆಯ ಮೇಲೆ ಹದವಾಗಿ ಹರಡಿದೆ. ಬೆಳಗಾಗುವಷ್ಟರಲ್ಲಿ ಅರ್ಧ ಮರಳು ತಟ್ಟೆಯ ಕೆಳಗೆ ಹೋಗಿತ್ತು. ಉಳಿದದ್ದು ಸೀಳುಗಳಲ್ಲಿ ಗಟ್ಟಿಯಾಗಿ ಕೂತು ನೀರೇ ಇಳಿಯುತ್ತಿರಲಿಲ್ಲ. ಒಂದೆರಡು ಮೀನು ಅಂಚಿನಲ್ಲಿ ತೂರಿ ತಟ್ಟೆಯ ಅಡಿಯಲ್ಲಿ ಸಿಕ್ಕಿಕೊಂಡಿದ್ದವು.

"ಅಲ್ಲ ಕಣೇ, ಜರಡಿ ಮೇಲೆ ಮರಳು ಸುರಿದ್ಬುಟ್ಟು ಕೆಳೀಕೆ ಬೀಳ್ಬಾರ್ದು ಅಂದ್ರೆ ಆಯ್ತದಾ?" ಎಂದರು ನನ್ನ ಗಂಡ, ಕಾಫಿ ಹೀರುತ್ತಾ.

"ನಿನ್ನೆ ಹೇಳಾಕೆ ಏನಾಗಿತ್ತು ನಿಮ್ಗೆ?"

"ನಿನ್ನೆ ನನ್ನನ್ನ ಯಾರು ಕೇಳಿದ್ರು!"

ಎಲ್ಲ ಬಿಚ್ಚಿ, ಮೀನುಗಳನ್ನು ಬೋಗುಣಿಗೆ ಹಾಕಿ, ತಟ್ಟೆಯನ್ನು ತೆಗೆದುಕೊಂಡು ಹೋಗಿ ಅಜ್ಮತ್‌ನ ಮುಂದೆ ಕುಕ್ಕಿದೆ. ಅವನು ತಲೆ ಕೆರೆದುಕೊಂಡ. "ಮರಳು ಅಂದಿದ್ರಿ, ನಾನು ದಪ್ಪ ಮರಳು ಅಂದ್ಕೊಂಡೆ ಅಮ್ಮ. ಬಿಡಿ, ಜೋರಾಗಿರೋದೇ ಕೊಡ್ತೀನಿ," ಎಂದು ಒಂದು ಮೋಟಾರ್ ಫಿಲ್ಟರ್ ಕೊಟ್ಟ. ನೀರೊಳಗೇ ಮುಳುಗಿಸಿ ಗಾಜಿಗೆ ಅಂಟಿಸುವುದು. ಬುಡದಿಂದ ನೀರು ಹೀರಿ ಮೇಲಿನಿಂದ ಉಗುಳುತ್ತದೆ.

ಹೀರಿತು, ಚೆನ್ನಾಗಿಯೇ ಹೀರಿತು. ಕೊಳೆಯ ಜೊತೆ ಮರಳನ್ನೂ ಹೀರಿತು. ಒಳಗೆ ಕರಕರ ಎಂದು ರಾಗಿ ಬೀಸಿದ ಸದ್ದು. ಮಧ್ಯಾಹ್ನದ ಹೊತ್ತಿಗೆ ಮೋಟಾರ್ ನಿಂತೇ ಹೋಯಿತು. ಅದು ನಿಂತದ್ದೊಂದೇ ಆಗಿದ್ದರೆ ನಿಲ್ಲಲಿ ಎನ್ನುತ್ತಿದ್ದೆ. ಆದರೆ ಅದರ ಬಾಯಿಗೆ ಒಂದು ಮೀನು ಅಂಟಿಕೊಂಡಿತ್ತು. ಎಲ್ಲಕ್ಕಿಂತ ಚಿಕ್ಕದು, ಪಕ್ಕೆ ಹರಿದಿತ್ತು. ಅಂಗೈಯಲ್ಲಿ ಹಾಕಿಕೊಂಡೆ. ಮೀಸೆ ಒಂದು ಸಲ ಅಲುಗಿ ಸುಮ್ಮನಾಯಿತು.

ಅತ್ತೆ ಐಕ್ಯರಾದಾಗ ಕೂಡ ನಾನು ಅಷ್ಟು ಅತ್ತಿರಲಿಲ್ಲ, ನಿಜ ಹೇಳುತ್ತೇನೆ. ಹಿತ್ತಿಲ ತೆಂಗಿನ ಬುಡದಲ್ಲಿ ಸಣ್ಣ ಗುಳಿ ತೋಡಿ, ವಿಭೂತಿ ಇಟ್ಟು, ಮಣ್ಣು ಮುಚ್ಚಿದೆ. ನನ್ನ ಗಂಡ ಹಾಸ್ಯ ಮಾಡಲಿಲ್ಲ. ನಾನೂ ಮಣ್ಣು ಹಾಕುತ್ತೇನೆಂದು ಒಂದು ಹಿಡಿ ಹಾಕಿದರು.

ಮಾರನೆಯ ದಿನ ಬಸ್ಸು ಹತ್ತುವಾಗಲೇ ತೀರ್ಮಾನ ಮಾಡಿದ್ದೆ, ಈ ಸಲ ಅಜ್ಮತ್ ಕೊಟ್ಟದ್ದನ್ನು ತರುವುದಿಲ್ಲ, ನನಗೆ ಬೇಕಾದ್ದನ್ನು ಕೇಳಿ ತರುತ್ತೇನೆ. ಅಂಗಡಿಯ ಸ್ಟೂಲಿನ ಮೇಲೆ ಕೂತು ಹೇಳಿದೆ. "ನೋಡಪ್ಪ, ನನಗೆ ಜೋರು ಬ್ಯಾಡ. ಮರಳನ್ನ ಮುಟ್ಬಾರ್ದು. ಸಣ್ಣ ಮೀನನ್ನ ಎಳೀಬಾರ್ದು. ನಮ್ಮೂರ ಕರೆಂಟು ಯಾವಾಗ ಓಯ್ತದೆ ಯಾವಾಗ ಬತ್ತದೆ ದೇವ್ರಿಗೇ ಗೊತ್ತು. ಹೋದ್ರೂ ನಡೀಬೇಕು. ಅಂಥದ್ದು ಐತಾ ಇಲ್ವಾ?"

ಮೀನು ಸತ್ತದ್ದನ್ನು ಕೇಳಿ ಅಜ್ಮತ್ ಅವತ್ತು ಮೊಬೈಲ್ ಬದಿಗಿಟ್ಟಿದ್ದ. ತೊಟ್ಟಿಯ ಹೆಗಲಿಗೆ ನೇತುಹಾಕುವ ಫಿಲ್ಟರ್ ತೋರಿಸಿದ. ಅದರ ಮೋಟಾರ್ ಹೊರಗಿರುತ್ತದೆ, ಹೀರುವ ಕೊಳವೆಯನ್ನು ಮರಳಿಂದ ಎತ್ತರಕ್ಕೆ ನಿಲ್ಲಿಸಬಹುದು, ಮರಳಿನ ತೊಟ್ಟಿಗೆ ಅದೂ ಆಗುತ್ತದೆ ಎಂದ. ಆದರೆ ಕರೆಂಟು ಹೋಗಿ ಬಂದಾಗ ಒಮ್ಮೊಮ್ಮೆ ನೀರು ಎತ್ತದೆ ಒಣಗಿ ತಿರುಗುತ್ತದೆಯಂತೆ. ಆಮೇಲೆ ಅಂಗಡಿಯ ಮೂಲೆಯಿಂದ ಧೂಳು ಹಿಡಿದ ಒಂದು ವಸ್ತು ತಂದ. ಮುಷ್ಟಿ ಗಾತ್ರದ ಕಪ್ಪು ಸ್ಪಂಜು, ಮಧ್ಯೆ ಒಂದು ಕೊಳವೆ. ಗಾಳಿ ಪಂಪಿನ ನಳಿಕೆ ಸಿಕ್ಕಿಸಿದರೆ ಗುಳುಗುಳು ಎಂದು ಗುಳ್ಳೆ ಏಳುತ್ತದೆ, ನೀರು ಮೆಲ್ಲಗೆ ಸ್ಪಂಜಿನೊಳಕ್ಕೆ ಬರುತ್ತದೆ. ಇದರಲ್ಲಿ ತಿರುಗುವ ಚಕ್ರವೇ ಇಲ್ಲ, ಮರಳು ಯಾವುದನ್ನು ಕೆಡಿಸಬೇಕು? ಪಂಪಿಗೆ ಬ್ಯಾಟರಿಯೂ ಇತ್ತು. ನೋಡಲು ಮಾತ್ರ ಪಾತ್ರೆ ಉಜ್ಜುವ ಜುಂಗಿನ ಹಾಗಿತ್ತು.

"ಇದಾ?" ಎಂದೆ.

"ಇದೇ ಅಮ್ಮ. ಚಂದ ಇಲ್ಲ ಅಂತ ಯಾರೂ ತಗೊಳಲ್ಲ, ನಾನೂ ತೋರ್ಸಲ್ಲ. ಮರಳ ಮೇಲೆ ಚಪ್ಪಟೆ ಕಲ್ಲು ಇಟ್ಟು ಅದ್ರ ಮೇಲೆ ಕೂರ್ಸಿ."

ಕೂರಿಸಿದೆ. ಮರಳು ಕದಲಲಿಲ್ಲ. ಮೀನುಗಳು ಮೆಲ್ಲಗೆ ಬಂದು ಸ್ಪಂಜಿನ ಸುತ್ತ ಮೀಸೆಯಾಡಿಸಿ ಹೋದವು. ಒಂದು ಮೀನು ಬಾಯಿ ತುಂಬ ಮರಳು ತೆಗೆದುಕೊಂಡು, ತಿನ್ನುವುದನ್ನು ಒಳಗೆ ಉಳಿಸಿಕೊಂಡು, ಮಿಕ್ಕ ಮರಳನ್ನು ಕಿವಿರಿನ ಸಂದಿಯಿಂದ ಸುರಿಯಿತು. ಅಯ್ಯೋ ಶಿವನೇ! ನಾನು ಇಷ್ಟು ಬಸ್ಸು ಹತ್ತಿ ಇಳಿದು ಹುಡುಕಿದ ಫಿಲ್ಟರ್ ಅದರ ಕೆನ್ನೆಯಲ್ಲೇ ಇದೆ. ಗಾಜಿಗೆ ಮೂಗು ಒತ್ತಿಕೊಂಡು ಎಷ್ಟು ಹೊತ್ತು ನೋಡಿದೆನೋ, ಒಲೆಯ ಮೇಲಿನ ಸಾರು ಸೀದು ಹೋಯಿತು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದುಕೊಂಡವಳು ನಾನು. ದೇವರ ಮೀನು, ಅದರ ತೊಟ್ಟಿ ಮಡಿಯಾಗಿರಬೇಡವೆ? ದಿನಾ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಸ್ಪಂಜನ್ನು ಹೊರಗೆ ತೆಗೆದು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆಯುತ್ತಿದ್ದೆ. ಅಂಗಡಿಯಿಂದ ತಂದಾಗ ಇದ್ದಷ್ಟು ಕಪ್ಪಾಗುವವರೆಗೆ ಬಿಡುತ್ತಿರಲಿಲ್ಲ. ಹಾಗೆ ಮಾಡಿದಷ್ಟೂ ನೀರು ಮಜ್ಜಿಗೆ ನೀರಿನಂತೆ ಬೆಳ್ಳಗಾಗುತ್ತಾ ಹೋಯಿತು. ಮೀನುಗಳು ಮರಳು ಬಿಟ್ಟು ಮೇಲೆ ಬಂದು ಗಾಳಿ ಗುಟುಕರಿಸತೊಡಗಿದವು. ಗಾಬರಿಯಾಗಿ ಅಜ್ಮತ್‌ಗೆ ಫೋನ್ ಮಾಡಿದೆ.

"ಸ್ಪಂಜು ತೊಳೀತಿದೀರಾ?"

"ದಿನಾ ತೊಳೀತೀನಪ್ಪ, ಫಳಫಳ ಅಂತೈತೆ."

"ಯಾ ಅಲ್ಲಾ! ಅಮ್ಮಾ, ತೊಳೀಬೇಡಿ. ಅದ್ರ ಮೇಲೆ ಕಂದು ಲೋಳೆ ಕಟ್ತದಲ್ಲ, ಅದೇ ಫಿಲ್ಟರು. ಸ್ಪಂಜು ಬರೀ ಮನೆ. ಆ ಲೋಳೆಯೊಳಗೆ ಕಣ್ಣಿಗೆ ಕಾಣದ ಜೀವ ಇರ್ತವೆ, ಅವು ನೀರಿನ ವಿಷ ತಿಂತವೆ. ನೀವು ದಿನಾ ಅವ್ರನ್ನ ಮನೆಯಿಂದ ಓಡುಸ್ತಾ ಇದೀರ. ದಿನಾ ಒಂದು ಬಿಂದಿಗೆ ಹಳೇ ನೀರು ತೆಗೆದು ಹೊಸ ನೀರು ಹಾಕಿ, ಸ್ಪಂಜಿನ ತಂಟೆಗೆ ಹೋಗ್ಬೇಡಿ. ಮೊದ್ಲೇ ಹೇಳ್ಬೇಕಿತ್ತು, ಮರ್ತೆ."

ಕೊಳೆಯೇ ಫಿಲ್ಟರಂತೆ! ನನಗೆ ಒಪ್ಪಲಾಗಲಿಲ್ಲ. ಫೋನಿಟ್ಟು ಗೊಣಗುತ್ತಿದ್ದಾಗ ನನ್ನ ಗಂಡ ತಲೆಯ ಮೇಲಿನ ಅಟ್ಟದ ಕಡೆ ಬೆರಳು ತೋರಿಸಿದರು.

"ಅಟ್ಟಕ್ಕೆ ಹಾಕಿದ ಕಾಯಿ ಮುಟ್ಟಿದ್ರೆ ನನ್ನ ಕೈ ಮುರಿಯೋಳು ನೀನು. ಯುಗಾದಿಗೆ ಹಾಕಿದ್ದು ಮುಂದಿನ ಯುಗಾದಿ ಹತ್ರ ಬರೋಗಂಟ ಏಣಿ ಹತ್ತಾಕೆ ಬುಡಲ್ಲ. ಒಳಗೆ ಅದರ ಪಾಡಿಗೆ ಅದು ಕೊಬ್ಬರಿ ಆಯ್ತದೆ ಕಣ್ರೀ ಅಂತ ನಂಗೇ ಬೈತೀಯ. ಈ ಜುಂಗಿನ ಮೇಲೆ ಯಾಕೆ ನಂಬಿಕೆ ಇಲ್ಲ?"

ಮೂರು ಹೊತ್ತೂ ಏನಾದರೊಂದು ಚುಚ್ಚುವ ಮನುಷ್ಯ, ಆದರೆ ಅವತ್ತು ಚುಚ್ಚಿದ್ದು ಸರಿಯಾದ ಜಾಗಕ್ಕೆ. ನಾನು ತಲೆಯೆತ್ತಿ ಅಟ್ಟ ನೋಡಿದೆ. ನೀರು ತುಂಬಿದ ಕಾಯಿ ಕತ್ತಲಲ್ಲಿ ಸುಮ್ಮನೆ ಬಿದ್ದಿದ್ದು, ಒಳಗಿನ ನೀರು ಒಣಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವ ಕೊಬ್ಬರಿಯಾಗುತ್ತದೆ. ಈ ಮನೆಗೆ ಬಂದಾಗಿನಿಂದ ಅದರ ಕೆಳಗೇ ಮಲಗಿ ಎದ್ದಿದ್ದೇನೆ, ಅದೊಂದು ಆಶ್ಚರ್ಯ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಸ್ಪಂಜಿಗೆ ಕೈ ಹಾಕುವುದನ್ನು ಅಂದೇ ಬಿಟ್ಟೆ.

ನೀರು ಮೆಲ್ಲಗೆ ತಿಳಿಯಾಯಿತು. ಸ್ಪಂಜಿನ ಮೇಲೆ ಕಂದು ಲೋಳೆ ಕಟ್ಟಿತು. ನೋಡಲು ಅಸಹ್ಯ, ಆದರೆ ತೊಟ್ಟಿಯ ನೀರಿಗೆ ಈಗ ಮಳೆ ಬಿದ್ದ ಮಣ್ಣಿನ ವಾಸನೆ. ಭರಣಿ ಮಳೆ ಒಂದಿಷ್ಟು ಹನಿಸಿ ಹೋಯಿತು, ಕೃತಿಕೆ ಸುಮ್ಮನೆ ಕಳೆಯಿತು. ಮೀನುಗಳು ದುಂಡಗಾದವು. ಗುಡಿಗೆ ಹೋದವರೆಲ್ಲ ನಮ್ಮ ಮನೆಗೂ ಬಂದು ಗಾಜಿನ ಮುಂದೆ ಕೂತು ಹೋಗುತ್ತಿದ್ದರು. ನಾನು ಅವರಿಗೆ ಸ್ಪಂಜು ಮುಟ್ಟಬಾರದೆಂದು ಬೈಯುವುದೇ ಒಂದು ಕೆಲಸವಾಯಿತು.

ರೋಹಿಣಿ ಹುಟ್ಟುವ ಹೊತ್ತಿಗೆ ಧಗೆ ತಡೆಯಲಾಗಲಿಲ್ಲ. ಆಗಲೇ ಅದು ಆದದ್ದು. ಒಂದು ಬೆಳಿಗ್ಗೆ ನೋಡುತ್ತೇನೆ, ತೊಟ್ಟಿಯಲ್ಲಿ ಮೀನೇ ಇಲ್ಲ. ಬರೀ ಮರಳು, ಸ್ಪಂಜು, ಗುಳ್ಳೆ. ಮರಳೊಳಗೆ ಹೋಗಿವೆ, ಬರುತ್ತವೆ ಎಂದುಕೊಂಡೆ. ಸಂಜೆಗೂ ಬರಲಿಲ್ಲ. ಮಾರನೆಯ ದಿನ ಇಲ್ಲ, ಅದರ ಮಾರನೆಯ ದಿನವೂ ಇಲ್ಲ. ಹಾಕಿದ ಕಾಳು ಹಾಗೇ ಇತ್ತು. ನನ್ನ ಗಂಡ ಕೊಬ್ಬರಿ ಬಿಡಲು ತಿಪಟೂರಿನ ಮಾರುಕಟ್ಟೆಗೆ ಹೋಗಿದ್ದರು. ಫೋನ್ ಮಾಡಿದೆ. "ರೀ, ಎಲ್ಲಾ ಐಕ್ಯ ಆಗ್ಬುಟ್ಟವೆ ಕಣ್ರೀ, ಒಂದೂ ಇಲ್ಲ. ಅಜ್ಮತ್ ಅಂಗಡಿಗೆ ಹೋಗಿ..." ಅಷ್ಟರಲ್ಲಿ ಆ ಕಡೆ ಗದ್ದಲವೆದ್ದು ಲೈನು ಕಟ್ಟಾಯಿತು.

ಮಧ್ಯಾಹ್ನ ಬಾಗಿಲಲ್ಲಿ ಚಪ್ಪಲಿ ಸದ್ದಾಯಿತು. ಮುಂದೆ ಭಾವ, ಹಿಂದೆ ನನ್ನ ಗಂಡ, ಅವರ ಹಿಂದೆ ಊರ ಒಂದಷ್ಟು ಜನ. ಭಾವನ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಚೆಂಡುಹೂವು, ವಿಭೂತಿ ಗಟ್ಟಿ. ಮುಖ ಸಪ್ಪಗಿತ್ತು.

"ಏನು ಮಾಡಾಕಾಯ್ತದೆ ರುದ್ರಮ್ಮ. ನೀನು ನಿನ್ನ ಕೈಲಾದ್ದು ಮಾಡ್ದೆ. ದೇವ್ರ ಮೀನು, ಹಂಗೇ ಬುಡಾಕಾಗಲ್ಲ, ಕ್ರಮವಾಗಿ ಮಣ್ಣು ಮಾಡಾಣ ಅಂತ ಬಂದೋ."

ನನಗೆ ಒಂದು ಗಳಿಗೆ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು, ರಕ್ತ ನೆತ್ತಿಗೇರಿತು. "ಯಾರ್ ಹೇಳಿದ್ದು ನಿಮ್ಗೆ ಸತ್ತವೆ ಅಂತ?"

"ನೀನೇ ಹೇಳ್ದೆಯಲ್ಲೇ, ಎಲ್ಲಾ ಐಕ್ಯ ಆದೋ ಅಂತ!" ಎಂದರು ನನ್ನ ಗಂಡ. "ದನಿ ಬೇರೆ ಅಳ್ತಾ ಇತ್ತು."

"ಅಯ್ಯೋ ನಿಮ್ಮ ಕಿವಿಗಿಷ್ಟು! ನಾ ಹೇಳಿದ್ದು ಮರಳಿನ ಐಕ್ಯ. ಮಣ್ಣಿನ ಐಕ್ಯ ಅಲ್ಲ!"

ಯಾರಿಗೂ ನಗು ಬರಲಿಲ್ಲ. ಸಿಮೆಂಟಿನ ಚೀಲ ಹೊತ್ತ ಟ್ರ್ಯಾಕ್ಟರ್ ಆಗಲೇ ಕಲ್ಯಾಣಿಯ ದಡಕ್ಕೆ ಬಂದು ನಿಂತಿದೆಯಂತೆ, ಮೇಸ್ತ್ರಿಯೂ ಬಂದಿದ್ದಾನಂತೆ. ಭಾವ ತೊಟ್ಟಿಯ ಮುಂದೆ ಬಗ್ಗಿ ನೋಡಿದರು. ಬರೀ ಮರಳು.

"ಯಾವ ಐಕ್ಯ ಅಂತ ಹೆಂಗಮ್ಮ ತಿಳಿಯಾದು? ಕೈ ಹಾಕಿ ಕೆದಕು. ಇದ್ರೆ ಏಳ್ತವೆ. ಇಲ್ದಿದ್ರೆ ನಾನು ಹೇಳಿದ್ದೇ ಸರಿ."

"ಕೆದಕಂಗಿಲ್ಲ. ಮರಳ ಬುಡದಾಗೆ ಕೊಳೆತ ಗಾಳಿ ಸೇರಿರ್ತದೆ, ಒಂದೇ ಸಲ ಎಬ್ಬಿಸಿದ್ರೆ ನೀರೆಲ್ಲ ವಿಷ ಆಯ್ತದೆ. ಬದುಕಿರೋವೂ ಸಾಯ್ತವೆ."

"ಹಂಗಾದ್ರೆ ಎಷ್ಟು ದಿನ ಕಾಯಾದು? ರೋಹಿಣಿ ಬಂತು, ಮಾತು ಮಾತೇ."

ಬಾಯಿಯೇನೋ ಗಟ್ಟಿಯಾಗಿತ್ತು, ಒಳಗೆ ನನಗೇ ಗೊತ್ತಿರಲಿಲ್ಲ, ಯಾವ ಐಕ್ಯವೆಂದು. ಹೆದರಿ ಹೋಗಿದ್ದೆ. ಹಿಂದಿನ ದಿನ ನಾನೇ ಒಂದು ಸಲ ತೋಳು ಮಡಿಸಿ ಮರಳಿಗೆ ಕೈ ಹಾಕಲು ಹೋಗಿ, ಹಿಂದಕ್ಕೆ ತೆಗೆದುಕೊಂಡಿದ್ದೆ. ಭಾವ ಅಂಗಿಯ ತೋಳು ಮೇಲಕ್ಕೆ ಸರಿಸಿದರು. ನನ್ನ ಗಂಡ ಅಡ್ಡ ಬಂದು ನಿಂತರು. ಇಷ್ಟು ವರ್ಷದಲ್ಲಿ ಅವರು ಅಣ್ಣನ ಎದುರು ದನಿಯೆತ್ತಿದ್ದನ್ನು ನಾನು ಕಂಡಿರಲಿಲ್ಲ.

"ಅಣ್ಣ, ಬ್ಯಾಡ. ಅಟ್ಟದ ಕಾಯಿ ಅದು. ಮುಟ್ಬ್ಯಾಡ."

ಭಾವನ ಕೈ ಅಲ್ಲೇ ನಿಂತಿತು. ಕೊಬ್ಬರಿಯ ಮೇಲೆ ಬದುಕುವ ಮನುಷ್ಯನಿಗೆ ಆ ಮಾತು ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರು ಕೆಳಗೆ ಕೂತರು. ಎಲ್ಲರೂ ಕೂತರು.

ಅಷ್ಟರಲ್ಲಿ ಚಿಕ್ಕನಾಯಕನಹಳ್ಳಿ ಗುಡ್ಡಗಳ ಕಡೆಯಿಂದ ಗಾಳಿ ಎದ್ದಿತು. ತೋಟದಲ್ಲಿ ಗರಿಗಳು ಒಂದಕ್ಕೊಂದು ಬಡಿದುಕೊಂಡವು, ಎಲ್ಲೋ ಒಂದು ಕಾಯಿ ದೊಪ್ಪೆಂದು ಬಿತ್ತು. ಪಡಸಾಲೆ ಕಪ್ಪಾಯಿತು. ಎಂದಿನಂತೆ ಮೊದಲು ಹೋದದ್ದು ಕರೆಂಟು. ಫ್ಯಾನು ನಿಂತ ಮೇಲೆ ಮನೆಯಲ್ಲಿ ಕೇಳುತ್ತಿದ್ದದ್ದು ಒಂದೇ ಸದ್ದು, ಬ್ಯಾಟರಿಯ ಮೇಲೆ ನಡೆಯುತ್ತಿದ್ದ ಸ್ಪಂಜಿನ ಗುಳುಗುಳು.

ಮೊದಲು ನೋಡಿದವರು ಭಾವ. "ಮರಳು ಅಲ್ಲಾಡ್ತು," ಎಂದರು, ಪಿಸುದನಿಯಲ್ಲಿ.

ಅಲ್ಲಾಡಿತು. ಒಂದು ಕಡೆ ಮರಳಿನ ನಾಲ್ಕು ಕಣ ಉರುಳಿದವು. ಇನ್ನೊಂದು ಕಡೆ ಎರಡು ಮೀಸೆ ಮೇಲೆ ಬಂದವು. ಆಮೇಲೆ ಗಾಜಿನ ಅಂಚಿನಲ್ಲಿ, ಕಲ್ಲಿನ ಬುಡದಲ್ಲಿ, ಮಧ್ಯದಲ್ಲಿ, ಎಲ್ಲ ಕಡೆಯಿಂದ ಮರಳು ಬಾಯಿ ತೆರೆಯಿತು. ಒಂದೊಂದೇ ತಲೆ, ಒಂದೊಂದೇ ಮೈ. ದೂರದಲ್ಲಿ ಗುಡುಗಿತು ನೋಡಿ, ಅಷ್ಟೂ ಮೀನು ಒಟ್ಟಿಗೆ ಎದ್ದವು. ತಳ ಬಿಟ್ಟು ಮೇಲಕ್ಕೆ, ಮೇಲಿನಿಂದ ತಳಕ್ಕೆ, ಸುತ್ತಿ ಸುಳಿದು ಕುಣಿದಾಡಿದವು. ಮಳೆ ಇನ್ನೂ ನಮ್ಮ ಅಂಗಳಕ್ಕೆ ಬಂದಿರಲಿಲ್ಲ. ಮುಚ್ಚಿದ ಮನೆಯೊಳಗೆ, ಗಾಜಿನೊಳಗೆ, ಮರಳಿನೊಳಗೆ ಇದ್ದ ಅವುಗಳಿಗೆ ಯಾರು ಹೇಳಿದರು! ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದಲ್ಲಿದ್ದವರೂ ಸೆರಗಿನಲ್ಲಿ, ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದರು.

"ರುದ್ರಮ್ಮ, ಆ ಜುಂಗಿನ ಮೇಲೆ ಏನದು?" ಎಂದರು ಭಾವ.

ಮೊಬೈಲಿನ ಬೆಳಕು ಬಿಟ್ಟು ನೋಡಿದೆ. ಸ್ಪಂಜಿನ ಕಂದು ಲೋಳೆಯ ಮೇಲೆ ದಾರದ ಎಳೆಯಂಥವು ಏನೋ ಅಂಟಿಕೊಂಡಿದ್ದವು. ಎಳೆಗಳಿಗೆ ಕಣ್ಣಿತ್ತು. ಎರಡೆರಡು ಕಪ್ಪು ಚುಕ್ಕೆ, ಎಳ್ಳಿಗಿಂತ ಚಿಕ್ಕವು. ಮೈಯ ಒಳಗಿನದೆಲ್ಲ ಕಾಣುವಷ್ಟು ತೆಳುವಾದ ಮರಿಗಳು! ಆ ಲೋಳೆಯನ್ನು ಚೂರುಚೂರೇ ಕಚ್ಚಿ ತಿನ್ನುತ್ತಿದ್ದವು. ನಾನು ಕೊಳೆಯೆಂದು ದಿನಾ ತಿಕ್ಕಿ ಚರಂಡಿಗೆ ಬಿಡುತ್ತಿದ್ದದ್ದು ಅವುಗಳ ಊಟ, ಅವುಗಳ ತೊಟ್ಟಿಲು. ಆ ಮೋಟಾರ್ ಇದ್ದಿದ್ದರೆ ಇವು ಒಂದೂ ಉಳಿಯುತ್ತಿರಲಿಲ್ಲ. ಆ ಜೋರಿನ ಮುಂದೆ ಈ ಎಳೆ ಯಾವ ಲೆಕ್ಕ? ಎಣಿಸಲು ಹೋದೆ, ಕಣ್ಣು ಮಂಜಾಗಿ ಬಿಟ್ಟುಬಿಟ್ಟೆ.

ಭಾವ ಮೆಲ್ಲಗೆ ಎದ್ದು ಬಾಗಿಲ ಆಚೆ ಹೋದರು. ಹೋಗುವಾಗ ಹೆಗಲ ಟವೆಲನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದರು, ಗುಡಿಯಲ್ಲಿ ಮಾಡುವ ಹಾಗೆ. ಹೊರಗೆ ಅವರು ಫೋನಿನಲ್ಲಿ ಟ್ರ್ಯಾಕ್ಟರಿನವನಿಗೆ ಕೂಗುವುದು ಕೇಳಿಸಿತು.

"ಲೇ ಕಲ್ಲೇಶ, ಸಿಮೆಂಟ್ ಇಳಿಸ್ಬ್ಯಾಡ ಕಣ್ಲಾ. ಹಂಗೇ ವಾಪಸ್ ಹೊಡಿ. ಮರಳು ಮುಟ್ಟಿದೋರ ಕೈ ಮುರೀತೀನಿ ಅಂತ ಹೇಳು ಎಲ್ರಿಗೂ. ಹೂಂ, ಅದೇ ಹಳೇ ಮರಳು. ಒಂದು ಬಾಣಲಿನೂ ಆಚೆ ಹೋಗಂಗಿಲ್ಲ."

ಒಳಗೆ ಬಂದವರು ನನ್ನನ್ನು ನೋಡಿ ಕೆಮ್ಮಿದರು. "ಯಾವ ಐಕ್ಯ ಅಂತ ಫೋನ್‌ನಾಗೆ ಬಿಡಿಸಿ ಹೇಳ್ಬಾರ್ದೇನಮ್ಮ. ಸುಮ್ನೆ ಹೂವು ದಂಡ."

"ದಂಡ ಯಾಕೆ ಬಾವನೋರೇ, ಕೊಡಿ ಇಲ್ಲಿ," ಎಂದು ಇಸಕೊಂಡು ತೊಟ್ಟಿಯ ಮುಂದೆ ಇಟ್ಟೆ. ಅಷ್ಟು ಹೊತ್ತಿಗೆ ಹೆಂಚಿನ ಮೇಲೆ ಮೊದಲ ಹನಿ ಬಿತ್ತು.

ಕಲ್ಯಾಣಿ ತುಂಬಲು ಆರಿದ್ರಾ ಮಳೆಯವರೆಗೆ ಕಾಯಬೇಕಾಯಿತು. ತಳದಲ್ಲಿ ಹಳೇ ಮರಳೇ ಇತ್ತು. ತಿಪಟೂರಿನಿಂದ ಅಜ್ಮತ್ ಅಂಗಡಿ ಮುಚ್ಚಿಕೊಂಡು ಬಂದಿದ್ದ. ನಾನು ಬಿಂದಿಗೆಯನ್ನು ಕೊನೆಯ ಮೆಟ್ಟಿಲಿಗೆ ಇಳಿಸಿ ಬಾಗಿಸಿದೆ. ದೊಡ್ಡವು, ಮರಿಗಳು, ಎಲ್ಲ ನೀರಿಗೆ ಜಾರಿ ತಳಕ್ಕೆ ಹೋದವು. ಒಂದು ಕ್ಷಣ ಮರಳ ಮೇಲೆ ಮಲಗಿದ್ದವು, ಅಷ್ಟನ್ನೂ ಕಂಡೆ. ಮೈ ಅಲುಗಿಸಿದವು. ಅಷ್ಟೇ, ಇಲ್ಲ. ಮರಳು ಮೊದಲಿದ್ದ ಹಾಗೇ ಇತ್ತು. ಹೊಸ ಸೊಸೆಯಾಗಿ ಕೂತಿದ್ದ ಅದೇ ಮೆಟ್ಟಿಲ ಮೇಲೆ ನನಗೆ ಮತ್ತೆ ಮೈ ಜುಂ ಎಂದಿತು.

ಭಾವ ಕೈ ಮುಗಿದು, ಎಲ್ಲರಿಗೂ ಕೇಳುವ ಹಾಗೆ, "ಐಕ್ಯ ಆದೋ," ಎಂದರು.

ಈ ಸಲ ಯಾರೂ ಅಳಲಿಲ್ಲ.